ಪುಟ್ಟಸ್ವಾಮಿಯ ಪಾಠ, ನಮ್ಮತ್ತೆಯ ಆಪರೇಷನ್

ನಮ್ಮ ಸೋದರತ್ತೆಗೆ ಚಿಂತೆಯೇ ಇಲ್ಲದ ದಿನವೊಂದು ಬಂದರೆ, ಇವತ್ತು ಯಾಕೆ ಏನೂ ಚಿಂತೆಯಿಲ್ಲ ಎಂದು ಅವರ ಎದೆ ಡವಗುಟ್ಟುತ್ತದೆ! ಸುಳ್ಳಲ್ಲ ಸ್ವಾಮಿ. ಸರಸ್ವತಿಪುರಂನ ನಮ್ಮ ಬೀದಿಯಲ್ಲಿ ಯಾರ ಮನೆಯ ಮಗು ಸೀನಿದರೂ ಇವರು ಕಷಾಯಕ್ಕೆ ಇಡುತ್ತಾರೆ. ನಾನೋ ಕಾಲೇಜಿನಲ್ಲಿ ಪಾಠ ಮಾಡುವವಳು, ನಲವತ್ತು ದಾಟಿದವಳು. ನಾನು ಬರುವ ಬಸ್ಸು ಒಂಚೂರು ತಡವಾದರೆ ಸ್ಟಾಪಿನಲ್ಲಿ ಅತ್ತೆ ಛತ್ರಿ ಹಿಡಿದು ನಿಂತಿರುತ್ತಾರೆ. ಮಳೆಯ ಸುಳಿವೇ ಇರುವುದಿಲ್ಲ. ಛತ್ರಿ ಯಾಕತ್ತೆ ಎಂದರೆ, "ಬಂದ್ಬುಟ್ರೆ?" ಎನ್ನುತ್ತಾರೆ.

ಇಂಥವರಿಗೆ ಡಾಕ್ಟರು, ಹೃದಯದ ಕವಾಟ ಕೆಟ್ಟಿದೆ, ಆಪರೇಷನ್ ಆಗಲೇಬೇಕು, ತಡ ಮಾಡಬೇಡಿ ಎಂದುಬಿಟ್ಟರು. ನಾನು ಯಾವತ್ತು, ಎಷ್ಟು ದಿನ ಎಂದು ಒಂದೇ ಸಮನೆ ಕೇಳತೊಡಗಿದೆ. ಅತ್ತೆ ಮಾತ್ರ ಪಕ್ಕದ ಮನೆಯವರ ಸಮಾಚಾರ ಕೇಳಿದ ಹಾಗೆ ಕೇಳಿ, "ಆಗ್ಲಿ ಡಾಕ್ಟ್ರೇ. ಆದ್ರೆ ನಾನು ಆಸ್ಪತ್ರೇಲಿ ಮಲಗಿದ್ರೆ ಪುಟ್ಟಸ್ವಾಮಿ ಗತಿ?" ಎಂದರು.

"ಯಜಮಾನ್ರಾ?" ಎಂದು ಡಾಕ್ಟರು ಮರುಕದಿಂದ ಕೇಳಿದರು. ಮದುವೆಯೇ ಆಗದ ಅತ್ತೆಯ ಮುಖ ನೋಡಬೇಕಿತ್ತು!

ಪುಟ್ಟಸ್ವಾಮಿ ನಮ್ಮನೆಯ ಪೂಡಲ್ ನಾಯಿ. ಮೈತುಂಬ ಬಿಳಿ ಗುಂಗುರು ಕೂದಲು. ಬೀದಿಯ ಮಕ್ಕಳು ಕುರಿಮರಿ ಎಂದೇ ಕರೆಯುತ್ತಾರೆ. ಮಹಡಿಯ ಬಾಡಿಗೆಯವರು ವರ್ಗವಾಗಿ ಹೋಗುವಾಗ ಅತ್ತೆಯ ಮಡಿಲಿಗೆ ಹಾಕಿ ಹೋದದ್ದು. ಅತ್ತೆ ಎದ್ದರೆ ಏಳುತ್ತಾನೆ, ಅತ್ತೆ ಬಚ್ಚಲಿಗೆ ಹೋದರೆ ಬಾಗಿಲಲ್ಲಿ ಕೂತು ಅಳುತ್ತಾನೆ. ನನ್ನ ಮಾತನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಅದಕ್ಕೇ ಅತ್ತೆ ಷರತ್ತು ಹಾಕಿದರು: "ಇವನು ನಿನ್ನ ಮಾತು ಕೇಳೋದು ಕಲೀಲಿ ಕಣೇ. ಆಮೇಲೆ ಆಪರೇಷನ್."

ಸರಿ, ವಿಜಯನಗರದಿಂದ ತರಬೇತುದಾರರೊಬ್ಬರನ್ನು ಕರೆಸಿದೆ. ಪೊಲೀಸ್ ಶ್ವಾನದಳದಲ್ಲಿದ್ದು ನಿವೃತ್ತರಾದವರು. ಹುರಿ ಮೀಸೆ, ಗುಡುಗಿನ ದನಿ. ಕಳ್ಳರನ್ನು ಹಿಡಿಯುವ ನಾಯಿಗಳನ್ನು ತಯಾರು ಮಾಡಿದ ಈ ಧೀರರು ನಮ್ಮತ್ತೆಯ ಮುಂದೆ ವಾರದೊಳಗೆ ಸುಸ್ತಾದರು!

ಮೊದಲ ಪಾಠ ಕೂರುವುದು. ನಾಯಿ ಕೂತರೆ ಬಿಸ್ಕತ್ತು. ಅತ್ತೆ ಮೊದಲು ಬಿಸ್ಕತ್ತು ತಿನ್ನಿಸಿ, ಬಾಯಿ ಒರೆಸಿ, ಆಮೇಲೆ "ಈಗ ಕೂತ್ಕೋಪ್ಪ" ಎಂದರು. ಅವನು ಬಾಲ ಅಲ್ಲಾಡಿಸಿಕೊಂಡು ಹೊರಟೇಹೋದ.

"ಅಮ್ಮಾವ್ರೇ, ಮೊದ್ಲೇ ತಿನ್ನಿಸ್ಬುಟ್ರೆ ಅದ್ಯಾಕೆ ಕೂರ್ತದೆ ಕಣ್ರೀ?"

"ಖಾಲಿ ಹೊಟ್ಟೇಲಿರೋರಿಗೆ ಯಾರಾದ್ರೂ ಕೆಲಸ ಹೇಳ್ತಾರೇನ್ರೀ? ನೀವೂ ಉಪ್ಪಿಟ್ಟು ತಿಂದೇ ತಾನೆ ಶುರು ಮಾಡಿದ್ದು?"

ತರಬೇತುದಾರರು ಮೀಸೆ ಒರೆಸಿಕೊಂಡರು. ಮೀಸೆಯಲ್ಲಿ ಇನ್ನೂ ಒಂದು ರವೆಕಾಳು ಅಂಟಿಕೊಂಡಿತ್ತು.

ಎರಡನೆಯದು, ಯಜಮಾನಿ ಕಣ್ಮರೆಯಾದರೂ ಕೂತಲ್ಲೇ ಇರುವ ಪಾಠ. ಅತ್ತೆ ಕಾಂಪೌಂಡಿನ ಆಚೆ ಮರೆಯಾಗಬೇಕು. ಮರೆಯೇನೋ ಆದರು. ಆದರೆ ಅಲ್ಲಿಂದಲೇ ಗಳಿಗೆಗೊಮ್ಮೆ ಕೆಮ್ಮತೊಡಗಿದರು! ಗಾಬರಿಯಿಂದ ಓಡಿದರೆ, "ಏನಿಲ್ಲ ಕಣೇ, ನಾನಿಲ್ಲೇ ಇದೀನಿ ಅಂತ ಅವನಿಗೆ ಗೊತ್ತಾಗ್ಲಿ ಅಂತ" ಎಂದರು. ಆ ವೇಳೆಗೆ ಪುಟ್ಟಸ್ವಾಮಿ ನನ್ನನ್ನೂ ದಾಟಿ ಅವರ ತೊಡೆ ಏರಿಯಾಗಿತ್ತು.

ಆಪರೇಷನ್ನಿನ ದಿನ ಹೇಳಲು ಆಸ್ಪತ್ರೆಯಿಂದ ಫೋನ್ ಬಂತು. "ಇನ್ನೂ ಪಾಠ ಮುಗ್ದಿಲ್ಲ" ಎಂದು ಅತ್ತೆ ಮುಂದಕ್ಕೆ ಹಾಕಿದರು. ಮತ್ತೆ ಬಂತು, ಮತ್ತೆ ಹಾಕಿದರು. ಇತ್ತ ಮೂರು ಮೆಟ್ಟಿಲು ಹತ್ತಲು ಅವರು ಗೋಡೆ ಹಿಡಿದು ನಿಲ್ಲುತ್ತಿದ್ದರು. ಕಾಲೇಜಿನಲ್ಲಿ ಮೊಬೈಲು ಗುಂಯ್ ಎಂದರೆ ಪಾಠ ಬಿಟ್ಟು ಹೊರಗೆ ಓಡುತ್ತಿದ್ದೆ. ಚಿಂತೆಯ ಕಾಯಿಲೆ ನನಗೂ ಅಂಟಿತು ನೋಡಿ! ಒಂದು ಬೆಳಿಗ್ಗೆ ತಡೆಯಲಾರದೆ ರೇಗಿಬಿಟ್ಟೆ: "ಅವನು ಕಲೀಬಾರ್ದು ಅಂತಾನೇ ನೀವು ಹಿಂಗೆಲ್ಲ ಮಾಡ್ತಿದೀರಿ ಅತ್ತೆ!"

ಅತ್ತೆ ಚಪ್ಪಲಿ ಮೆಟ್ಟಿಕೊಂಡು ನಮ್ಮ ಜೊತೆ ಪಾರ್ಕಿಗೆ ಬಂದರು. ಒಂದು ತುದಿಯ ಬೆಂಚಿನಲ್ಲಿ ಅತ್ತೆ, ಕಾಲ ಬಳಿ ಪುಟ್ಟಸ್ವಾಮಿ. ಇನ್ನೊಂದು ತುದಿಯಲ್ಲಿ ನಾನು. ತರಬೇತುದಾರರು ಕೈ ಎತ್ತಿದರು.

"ಪುಟ್ಟಸ್ವಾಮೀ, ಬಾರೋ!"

ಅವನು ನನ್ನನ್ನು ನೋಡಿದ. ತಿರುಗಿ ಅತ್ತೆಯನ್ನು ನೋಡಿದ. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ಅಲ್ಲಾಡದೆ ಕೂತಿದ್ದರು. ಅವನು ಎರಡು ಹೆಜ್ಜೆ ಇಟ್ಟು ಅನುಮಾನಿಸಿದ. ನಾನು ಮತ್ತೆ ಕರೆದೆ. ಹೊರಟ ನೋಡಿ, ಕಿವಿ ಹಾರಿಸಿಕೊಂಡು! ನೇರ ನನ್ನ ಹತ್ತಿರ ಬಂದು, ಕೂರು ಎಂದರೆ ಕೂತೂಬಿಟ್ಟ. "ಶಾಬಾಷ್!" ಎಂದು ತರಬೇತುದಾರರು ಚಪ್ಪಾಳೆ ತಟ್ಟಿದರು. ನಾನು ನಾಯಿಯನ್ನು ಎತ್ತಿಕೊಂಡು ಅತ್ತೆಯ ಬಳಿ ಓಡಿದೆ.

"ಬಂದ್ಬುಟ್ಟ, ಅಲ್ವೇನೇ?" ಎಂದರು ಅತ್ತೆ. ನಗುತ್ತಿದ್ದರು, ಕಣ್ಣಲ್ಲಿ ನೀರಿತ್ತು. "ನಾನಿಲ್ದಿದ್ರೂ ಇರ್ತಾನೆ."

"ಹೂಂ ಅತ್ತೆ. ಇನ್ನು ಡಾಕ್ಟ್ರಿಗೆ ಫೋನ್ ಮಾಡ್ಲಾ?"

ಅವರು ಸ್ವಲ್ಪ ಹೊತ್ತು ಪುಟ್ಟಸ್ವಾಮಿಯ ತಲೆ ಸವರಿದರು. ಆಮೇಲೆ ನನ್ನ ಕೈ ಹಿಡಿದುಕೊಂಡರು. ಬೀದಿಯವರಿಗೆಲ್ಲ ಏನಾದೀತೋ ಎಂದು ಹೆದರಿಕೊಂಡೇ ಬಾಳಿದ ಅತ್ತೆ ತಮಗೋಸ್ಕರ ಹೆದರಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಮಾಡು. ಆದ್ರೆ ನಂಗೆ ತುಂಬಾ ಭಯ ಆಗುತ್ತೆ ಕಣೇ."

"ನಂಗೂ ಅತ್ತೆ" ಎಂದೆ.