ಪಿಳ್ಳಪ್ಪನ ಒಂದೇ ಪೆಟ್ಟು

ನಲವತ್ತನಾಲ್ಕನೇ ಇಸವಿಯ ಆ ಭಾನುವಾರ ಸಂಜೆ ಹಲಸೂರಿನ ಡೋಲಿನ ಪಿಳ್ಳಪ್ಪನಿಗೆ ಇದ್ದ ಕೆಲಸ ಒಂದೇ ಒಂದು ಪೆಟ್ಟು. ಮುಕ್ಕಾಲು ಗಂಟೆ ಸುಮ್ಮನೆ ನಿಂತಿದ್ದು, ಕೊನೆಯಲ್ಲಿ ದೊಡ್ಡ ಡ್ರಮ್ಮಿಗೆ ಒಮ್ಮೆ ಬಾರಿಸುವುದು. ಮೂವತ್ತು ವರ್ಷ ಓಲಗದಲ್ಲಿ ಬಡಿದು ಅರ್ಧ ಹಲಸೂರಿಗೆ ಮದುವೆ ಮಾಡಿಸಿದವನಿಗೆ ಅದೇನು ಮಹಾ.

ದಂಡಿನ ಸಭಾಂಗಣದಲ್ಲಿ ಹಂಗೇರಿ, ಸ್ಲೊವಾಕಿಯಾ ದೇಶಗಳ ಹೊಸ ಸಂಗೀತದ ಕಚೇರಿ. ಯುದ್ಧಕ್ಕೆ ಹೆದರಿ ಊರು ಬಿಟ್ಟು ಬಂದಿದ್ದ ಯಾನ್ಕೋ ಎಂಬ ಪಿಯಾನೋ ಮೇಷ್ಟ್ರು ಬ್ಯಾಂಡಿನವರನ್ನೂ ಚರ್ಚಿನ ಪಿಟೀಲಿನವರನ್ನೂ ಸೇರಿಸಿ ನಲವತ್ತು ಜನರ ಮೇಳ ಕಟ್ಟಿದ್ದರು. ಡ್ರಮ್ಮಿನವನು ಮಲೇರಿಯಾ ಬಂದು ಮಲಗಿದ. ಮರ್ಫಿ ಟೌನಿನ ಮದುವೆಯೊಂದರಲ್ಲಿ ಪಿಳ್ಳಪ್ಪನ ಡೋಲು ಕೇಳಿದ್ದ ಮೇಷ್ಟ್ರು ಅವನನ್ನೇ ಕರೆಸಿದರು.

ಪಿಳ್ಳಪ್ಪ ಒಪ್ಪಿದ್ದು ಸಂಗೀತದ ಆಸೆಗಲ್ಲ. ಮಗ ಆದಿನಾರಾಯಣ ಸಿಪಾಯಿಯಾಗಿ ಪಟ್ಟಾಳ ಸೇರಿ ಸಿಂಗಾಪುರಕ್ಕೆ ಹೋದವನು. ಆ ಊರು ಜಪಾನಿನವರ ಕೈಗೆ ಹೋದ ಮೇಲೆ ಎರಡು ವರ್ಷದಿಂದ ಕಾಗದವಿಲ್ಲ. ಮುಂದಿನ ಸಾಲಿನಲ್ಲಿ ಮೇಜರ್ ಒಬ್ಬರು ಕೂರುತ್ತಾರೆ, ಮುಗಿದ ಮೇಲೆ ಭೇಟಿ ಮಾಡಿಸುತ್ತೇನೆ ಎಂದು ಮೇಷ್ಟ್ರು ಮಾತು ಕೊಟ್ಟಿದ್ದರು.

ಪಕ್ಕದ ಮನೆಯ ದರ್ಜಿ ಅಹ್ಮದ್ ಪಾಷಾನಿಗೆ ಇಷ್ಟು ಸಾಕಾಯಿತು. “ಅರ್ಜಿ ಗಿರ್ಜಿ ಬೇಡ ಭಾಯ್. ಜೇಬಲ್ಲಿಟ್ಕೊಂಡು ಮರ್ತ್ಬಿಡ್ತಾರೆ. ಬಾಯಲ್ ಹೇಳು” ಎಂದು ಇಂಗ್ಲಿಷಿನ ಒಂದು ಮಾತು ಬಾಯಿಪಾಠ ಮಾಡಿಸಿದ: “ಸಾರ್, ಮೈ ಸನ್ ವೇರ್?” ರಿಪೇರಿಗೆ ಬಂದಿದ್ದ ಯಾರದೋ ಕರಿ ಕೋಟನ್ನೂ ತೊಡಿಸಿದ. ಉಸಿರು ಬಿಟ್ಟರೆ ಹೊಲಿಗೆ ಬಿಡುವಂತಿತ್ತು.

ಎದುರು ಮನೆಯ ಚಿಕ್ಕಮುನಿಯಮ್ಮ ಓಡಿಬಂದಳು. “ಸೀನು ಗೀನು ಬಿದ್ರೆ ಹುಷಾರು ಕಣಪ್ಪ, ಮಗನ ಕೆಲ್ಸಕ್ಕೆ ಹೋಗ್ತಿದ್ದೀಯ.”

ಹೆಂಡತಿ ಆದಿಲಕ್ಷ್ಮಿ ಬಾಗಿಲಲ್ಲಿ ನಿಂತಿದ್ದಳು.

ಕಚೇರಿಯ ಕೊನೆಗೆ ಒಂದು ಜೋಗುಳ. ಮಕ್ಕಳನ್ನು ಕಳೆದುಕೊಂಡ ತಾಯಂದಿರು ಹಾಡುವುದಂತೆ. ಪಿಟೀಲುಗಳು ಸಣ್ಣಗೆ ಅಳತೊಡಗಿದವು. ಆ ಊರು ಗೊತ್ತಿಲ್ಲ, ರಾಗ ಗೊತ್ತಿಲ್ಲ, ಆದರೂ ಪಿಳ್ಳಪ್ಪನಿಗೆ ಮಗನ ಮುಖ ಕಣ್ಣಿಗೆ ಬಂತು. ಇನ್ನೂ ಮೆಲ್ಲಗೆ ನುಡಿಸಿ ಎಂದು ಮೇಷ್ಟ್ರು ತೋರುಬೆರಳೆತ್ತಿ ಆಡಿಸಿದರು. ಸರಿಯಾಗಿ ಆಗಲೇ ಮುಂದಿನ ಸಾಲಿನ ದೊರೆಸಾನಿಯೊಬ್ಬಳು ಸೀನಿದಳು.

ಬೆರಳು ಆಡಿತು, ಸೀನು ಬಿತ್ತು. ತಾಳಿ ಕಟ್ಟುವ ಹೊತ್ತಿಗೆ ಪುರೋಹಿತರು ಬೆರಳಾಡಿಸಿದರೆ ಗಟ್ಟಿಮೇಳ. ಸೀನಾಗಲಿ ಅಳುವಾಗಲಿ, ಯಾವ ಅಪಶಕುನವೂ ಕಿವಿಗೆ ಬೀಳದ ಹಾಗೆ ಬಡಿಯಬೇಕು. ಮೂವತ್ತು ವರ್ಷದ ಕೈ ಪಿಳ್ಳಪ್ಪನ ಅಪ್ಪಣೆಗೆ ಕಾಯಲಿಲ್ಲ. ಕೋಟಿನ ಕಂಕುಳು ಚರ್ರೆಂದು ಹರಿಯಿತು, ಡ್ರಮ್ಮು ಢಬಢಬ ಢಬಢಬ ಎಂದು ಸಭಾಂಗಣವನ್ನು ನಡುಗಿಸಿತು.

ಪಿಟೀಲುಗಳು ನಿಂತವು. ಮೇಷ್ಟ್ರು ಮೇಳ ನಡೆಸುವ ಕೋಲು ಕೆಳಗಿಟ್ಟು ಒಳಗೆ ಹೋಗಿಬಿಟ್ಟರು. ಅವರ ಇಬ್ಬರು ಮಕ್ಕಳು ಆ ದೇಶದಲ್ಲೇ ಉಳಿದು ಸುದ್ದಿಯಿಲ್ಲವೆಂದು ಪಿಟೀಲಿನವನೊಬ್ಬ ಹೇಳಿದಾಗ ಪಿಳ್ಳಪ್ಪ ಡ್ರಮ್ಮಿನ ಹಿಂದೆ ಕುಸಿದು ಕೂತ. ಇನ್ನು ಭೇಟಿ ಎಲ್ಲಿಯದು.

ಅಷ್ಟರಲ್ಲಿ ಒಬ್ಬರು ಚಪ್ಪಾಳೆ ತಟ್ಟಿದರು. ಮೇಜರ್. ಬರ್ಮಾದಲ್ಲಿ ಬಾಂಬು ಪಕ್ಕದಲ್ಲೇ ಸಿಡಿದು ಅವರ ಕಿವಿ ಪೂರ್ತಿ ಹೋಗಿತ್ತು. ಸಂಜೆಯಿಡೀ ನೆಲ ನಡುಗಿಸಿ ಅವರ ಮೈಗೆ ಮುಟ್ಟಿದ್ದು ಅದೊಂದೇ ಸದ್ದು. ತಾವೇ ಎದ್ದು ಬಂದು ಪಿಳ್ಳಪ್ಪನ ಬೆನ್ನು ತಟ್ಟಿದರು.

“ಸಾರ್, ಮೈ ಸನ್ ವೇರ್?”

ಮೇಜರ್ ನಗುತ್ತ ತಲೆಯಾಡಿಸಿದರು. ಪಿಟೀಲಿನವನ ಕೈಲಿ ಅವನ ಹೆಸರು ಬರೆಸಿಕೊಂಡು, ಚರ್ಮದ ಚೀಲದಿಂದ ಎರಡು ಅಚ್ಚಿನ ಕಾಗದ ತೆಗೆದು ತುಂಬಿ, ಪೆನ್ನಿನ ಶಾಯಿ ಹಚ್ಚಿ ಹೆಬ್ಬೆಟ್ಟು ಒತ್ತಿಸಿಕೊಂಡರು. ಒಂದನ್ನು ಅವನಿಗೇ ಕೊಟ್ಟರು.

ಪಿಳ್ಳಪ್ಪ ಹರಿದ ಕೋಟಿನಲ್ಲೇ ಹಲಸೂರಿಗೆ ಓಡಿಬಂದ. “ಬರ್ಕೊಂಡ್ರು ಕಣೇ. ಹೆಬ್ಬೆಟ್ಟೂ ಹಾಕಿಸ್ಕೊಂಡ್ರು. ಇನ್ನು ಹುಡುಕ್ತಾರೆ.” ಆದಿಲಕ್ಷ್ಮಿ ಎರಡು ವರ್ಷದ ಮೇಲೆ ನಕ್ಕಳು.

ಪಾಷಾ ಕಾಗದವನ್ನು ಎರಡು ಸಲ ಓದಿದ. ಕೋಟು ಹರಿದದ್ದು ಕಂಡರೂ ಬಯ್ಯಲಿಲ್ಲ.

“ಇದ್ರಲ್ಲಿ ನಿನ್ ಮಗ ಆದಿ ಹೆಸ್ರಿಲ್ಲ ಭಾಯ್. ನಿನ್ ಹೆಸ್ರೈತೆ. ಆ ಮೇಜರ್ ಪಟ್ಟಾಳಕ್ಕೆ ಜನ ಸೇರ್ಸೋರು. ಬ್ಯಾಂಡಿಗೆ ನಿನ್ನ ತಗೊಂಡವ್ರೆ. ಗುರುವಾರ ರೈಲು, ಬರ್ಮಾ ಕಡೆ.”

“ಮಗನ್ನ ಕೇಳೋಕೆ ಹೋಗಿ ನಿಮ್ಮನ್ನೂ ಕೊಟ್ಟು ಬಂದ್ರಾ” ಎಂದು ಆದಿಲಕ್ಷ್ಮಿ ಒಳಗೆ ಹೋದಳು.

ಪಿಳ್ಳಪ್ಪ ಹೆಬ್ಬೆರಳಿನ ಶಾಯಿ ಉಜ್ಜುತ್ತ ಕೇಳಿದ: “ಪಾಷಾ, ಸಿಂಗಾಪುರಕ್ಕೂ ಅದೇ ದಾರೀನಾ?”

“ಅದೇ ಕಡೆ” ಎಂದ ಪಾಷಾ, ಅವನ ಮುಖ ನೋಡಲಾರದೆ.

ಒಳಗಿನಿಂದ ಆದಿಲಕ್ಷ್ಮಿ ಅಳುವುದು ಕೇಳಿಸಿತು. ಡೋಲು ಎದುರಿಗೇ ಗೂಟದಲ್ಲಿತ್ತು. ಪಿಳ್ಳಪ್ಪನ ಕೈ ಏಳಲಿಲ್ಲ.