ತಿಟ್ಟಿನ ಮೇಲೆ ಕರೆದದ್ದು, ಉಂಡದ್ದು

ಸುಮ್ಮನೆ ಕೂರುವ ವಿದ್ಯೆ ನನಗೆ ಯಾವತ್ತೂ ಹತ್ತಲಿಲ್ಲ. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದವನು. ಮರದ ನೆರಳಲ್ಲಿ ಕಣ್ಣು ಮುಚ್ಚಿದರೂ ಒಂದು ಕಿವಿ ಮಂದೆಯ ಕಡೆಗೇ ಇರುತ್ತಿತ್ತು. ಮೆಟ್ಟೂರಿನ ಮಿಲ್ಲು ಸೇರಿದ ಮೇಲೆ ಮಂದೆಯ ಜಾಗಕ್ಕೆ ಮಿಷನ್ನು ಬಂತು, ಅಷ್ಟೇ. ಅದಕ್ಕೇ, ಎಪ್ಪತ್ತನೇ ಇಸವಿಯ ಆಚೀಚೆ ಒಂದು ಭಾನುವಾರ ಹೆಂಡತಿ ಮಾದಮ್ಮನೊಂದಿಗೆ ಹೊಗೆನಕಲ್ಲಿಗೆ ಹೋದಾಗ, ಪ್ರವಾಸಿಗಳೆಲ್ಲ ಇಷ್ಟಪಡುವ ಆ ಹೊಳೆ ನಡುವಿನ ತಿಟ್ಟಿನಲ್ಲಿ ಸಂಜೆಯವರೆಗೂ ಉಂಡು ಮಲಗುವುದೊಂದೇ ಕೆಲಸ ಎಂದು ತೀರ್ಮಾನಿಸಿದ್ದೆ.

ಅಂಗೈಯಗಲದ ತಿಟ್ಟು, ಮರಳು, ಹೊಂಗೆಯ ನೆರಳು, ಸುತ್ತ ಕಾವೇರಿ. ಹರಿಗೋಲಿನವನು ನಮ್ಮನ್ನು ಇಳಿಸಿ, "ಬೈಗಾಗೋ ಒತ್ಗೆ ಬತ್ತೀನಿ ಕಣಣ್ಣ, ತಂಪಾಗಿ ಮನೀಕಳಿ" ಎಂದು ಹೋದ. ಮಾದಮ್ಮನ ಕುಕ್ಕೆಯಲ್ಲಿ ಮುದ್ದೆ, ಅವರೆಕಾಳಿನ ಸಾರು, ಹುರಿದ ಮೀನು. ನನ್ನ ಆ ದಿನದ ಸುಖವೆಲ್ಲ ಆ ಕುಕ್ಕೆಯಲ್ಲೇ ಇತ್ತು.

ಇನ್ನೇನು ಕೈ ಹಾಕಬೇಕು, ಸೇಲಂ ಕಡೆಯ ಪ್ರವಾಸಿಗಳ ಗುಂಪೊಂದು ಬಂದಿಳಿಯಿತು. ಮಾದಮ್ಮ ತಲೆಯೆತ್ತಿ, "ವಾಂಗ, ಸಾಪ್ಪುಡಲಾಂ" ಎಂದು ಊಟಕ್ಕೆ ಕರೆದಳು. ಅವಳದೇನೂ ತಪ್ಪಿಲ್ಲ. ನಮ್ಮ ಪೆನ್ನಾಗರಂ ಕಡೆ ಉಣ್ಣುವಾಗ ಯಾರು ಕಂಡರೂ ಕರೆಯಲೇಬೇಕು. ಕರೆಸಿಕೊಂಡವರು "ಈಗ್ತಾನೆ ಆಯ್ತು" ಎಂದು ಮುಂದೆ ಹೋಗಲೇಬೇಕು. ನಮ್ಮಜ್ಜಿ ಜಗಲಿಯಲ್ಲಿ ಕೂತು ಒಂದು ಮುದ್ದೆ ಮುಗಿಸುವಷ್ಟರಲ್ಲಿ ಊರನ್ನೆಲ್ಲ ಕರೆದಿರುತ್ತಿದ್ದಳು, ಮುದ್ದೆಗೇನೂ ಆಗುತ್ತಿರಲಿಲ್ಲ. ಸೇಲಂನವರಿಗೆ ಈ ಕಟ್ಟಳೆಯ ಮೊದಲರ್ಧ ಮಾತ್ರ ತಿಳಿದಿತ್ತು. "ಅದುಕ್ಕೆನ್ನಕ್ಕಾ!" ಎಂದು ಸಂತೋಷದಿಂದ ಚಕ್ಕಳಮಕ್ಕಳ ಹಾಕಿ ಕೂತರು. ಅವರಲ್ಲೊಬ್ಬ ದಪ್ಪನೆಯ ಗೃಹಸ್ಥರು ಮುದ್ದೆ ಅಗಿಯತೊಡಗಿದಾಗ ಮಾದಮ್ಮ, "ಅಗೀಬ್ಯಾಡ್ರಣ್ಣ, ನುಂಗ್ಬೇಕು" ಎಂದು ನಮ್ಮ ಮಾತಲ್ಲೇ, ಕೈಸನ್ನೆ ಮಾಡಿ ಕಲಿಸಿದಳು. ಅವರು ಬೇಗ ಕಲಿತರು. ನನ್ನ ಪಾಲಿನ ಮುದ್ದೆಯಲ್ಲೇ ಕಲಿತರು.

"ನನಗೆ?" ಎಂದು ಅವಳ ಕಿವಿಯಲ್ಲಿ ಕೇಳಿದೆ.

"ಸುಮ್ಕಿರಿ, ಕರ್ದ ಮ್ಯಾಕೆ ಇಲ್ಲ ಅನ್ನಕಾಯ್ತದಾ?"

ಅವರು ತೇಗಿ ಹೊರಟರು. ಹೊಳೆಯ ನೀರು ಎಷ್ಟು ಕುಡಿದರೂ ಹಸಿವು ತೇಲುತ್ತಲೇ ಇತ್ತು. ಬಿಸಿಲು ಇಳಿಯುವಾಗ ಇನ್ನೊಂದು ಹರಿಗೋಲು ಬಂತು. ಧರ್ಮಪುರಿ ಕಡೆಯ ಸಂಸಾರ, ನಮ್ಮ ಮಾತಿನವರೇ. ಎಲೆ ಹಾಸಿ, ಕೋಳಿಸಾರಿನ ಪಾತ್ರೆಯ ಮುಚ್ಚಳ ತೆಗೆದರು. ಯಜಮಾನ ನನ್ನತ್ತ ತಿರುಗಿ, "ಬಾ ಅಣ್ಣ, ಉಣ್ಣಾನ" ಎಂದ.

ಹೊಟ್ಟೆ ಎದ್ದು ಹೊರಟೇ ಬಿಟ್ಟಿತ್ತು. ಬಾಯಿ ಮಾತ್ರ ಅದನ್ನೊಂದು ಮಾತೂ ಕೇಳದೆ, "ಈಗ್ತಾನೆ ಆಯ್ತು ಕಣಣ್ಣ, ನೀವುಣ್ಣಿ" ಎಂದುಬಿಟ್ಟಿತು.

ಇನ್ನೊಂದು ಸಲ ಕರೆಯುತ್ತಾರೇನೋ ಎಂದು ಆಸೆಯಿಂದ ನೋಡಿದೆ. ನಮ್ಮವರು, ಮರ್ಯಾದೆ ಬಲ್ಲವರು, ಕರೆಯಲಿಲ್ಲ. ಅಷ್ಟರಲ್ಲಿ ಮಾದಮ್ಮ ಎಲೆಯ ಮುಂದೆ ಕೂತು, "ಅವ್ರದು ಆಯ್ತಂತೆ ಬುಡಿ, ನಂಗಿಕ್ಕಿ" ಎನ್ನುತ್ತಿದ್ದಳು.

ನಾನು ಮರಳಲ್ಲಿ ಅತ್ತ ತಿರುಗಿ ಮಲಗಿದೆ. ಬಯಸಿ ಬಂದ ವಿಶ್ರಾಂತಿ ಅಂತೂ ಸಿಕ್ಕಿತು, ನನ್ನ ಹಲ್ಲುಗಳಿಗೆ.