ಡಿಜಿಟಲ್ ಪಿಯಾನೋ ಮತ್ತು ಎದುರುಮನೆ ಅಜ್ಜಿಯ ಆರತಿ ಹಾಡು

ಮನೆಗೆ ಡಿಜಿಟಲ್ ಪಿಯಾನೋ ಬಂದ ಮೇಲೆ, ನಾನು ತೆಪ್ಪಗೆ ಕೂತಿದ್ದರೂ ಫಜೀತಿಗಳು ವಿಳಾಸ ಕೇಳಿಕೊಂಡು ಬರತೊಡಗಿದವು. ಎರಡು ಸಾವಿರನೇ ಇಸವಿಯ ಆಸುಪಾಸು, ಚಾಮರಾಜಪೇಟೆಯ ಬಾಡಿಗೆ ಮನೆ. ಮದುವೆ ವಾದ್ಯಗೋಷ್ಠಿಗಳಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ನಾನು ಪಿಯಾನೋಗೆ ಕಂಪ್ಯೂಟರ್ ಜೋಡಿಸಿಕೊಂಡಿದ್ದೆ. ಇಲ್ಲಿ ನುಡಿಸಿದರೆ ಅಲ್ಲಿ ಪರದೆಯ ಮೇಲೆ ನೊಟೇಷನ್ ತಾನಾಗಿಯೇ ಮೂಡುತ್ತಿತ್ತು.

೧. ಸದ್ದಿಲ್ಲದ ಸಂಗೀತ

ಒಂದು ಬೆಳಿಗ್ಗೆ ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ, ತಲೆ ತೂಗುತ್ತಾ ನುಡಿಸುತ್ತಿದ್ದೆ. ಹೊರಗಿನವರಿಗೆ ಕೇಳೋದು ಬರೀ ಟಕಟಕ. ಎದುರುಮನೆ ಅಜ್ಜಿ ಬಾಗಿಲಲ್ಲಿ ನಿಂತು ನೋಡಿದವರು ಸದ್ದಿಲ್ಲದೆ ಅಡುಗೆಮನೆಗೆ ಹೋಗಿ ನನ್ನ ಹೆಂಡತಿಯನ್ನು ಕೇಳಿದರಂತೆ, “ಯಾವಾಗಿಂದಮ್ಮಾ ಹೀಗೆ? ಡಾಕ್ಟರಿಗೆ ತೋರಿಸಿದ್ರಾ?”

“ಮದುವೆ ಆದಾಗಿಂದ ನೋಡ್ತಿದೀನಿ ಅಜ್ಜಿ, ವಾಸಿ ಆಗೋ ಲಕ್ಷಣ ಇಲ್ಲ” ಅಂದಳಂತೆ ಇವಳು.

೨. ಪೆಟ್ಟಿಗೆಗೆ ಪಾಠ

ಅಜ್ಜಿ ಬಂದ ಕಾರಣ ಮಾತ್ರ ನಗುವಂಥದ್ದಲ್ಲ. “ಗಂಟಲಲ್ಲಿ ಗಂಟಾಗಿದೆ ಕಣಪ್ಪ. ಮುಂದಿನ ವಾರ ಆಪರೇಷನ್. ದನಿ ಉಳಿಯುತ್ತೋ ಇಲ್ವೋ ಗೊತ್ತಿಲ್ಲ ಅಂದಿದಾರೆ. ನಮ್ಮಮ್ಮನ ಆರತಿ ಹಾಡು ಈಗ ನನಗೊಬ್ಬಳಿಗೇ ಬರೋದು. ಮಗಳಿಗೆ ಕಲಿಯೇ ಕಲಿಯೇ ಅಂದೆ, ನಾಳೆ ನಾಳೆ ಅಂತಾನೇ ಇದ್ದಾಳೆ. ನುಡಿಸಿದ್ದನ್ನೆಲ್ಲ ಬರೆದಿಟ್ಕೊಳ್ಳುತ್ತಂತಲ್ಲ, ನಿನ್ನ ಪೆಟ್ಟಿಗೆಗಾದ್ರೂ ಕಲಿಸಿಟ್ಟು ಹೋಗ್ತೀನಿ.”

ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರು ಹಾಡಿದ ಹಾಗೇ ನುಡಿಸಿದೆ. ಅಜ್ಜಿಯ ಗಮಕವನ್ನೆಲ್ಲ ಕಂಪ್ಯೂಟರ್ ಬಿಡಿಸಿ ಬಿಡಿಸಿ ಬರೆದು, ಪರದೆ ಬೆಲ್ಲಕ್ಕೆ ಇರುವೆ ಮುತ್ತಿದಂತಾಯಿತು. ಸರಿ, ಗಮಕ ತೆಗೆದು ಬರೀ ಸ್ವರ ಉಳಿಸಿ ಕೇಳಿಸಿದೆ. ಟಿಂಗ್, ಟಾಂಗ್, ಟಿಂಗ್.

ಅಜ್ಜಿ ಒಳಗೆ ತಿರುಗಿ, “ಅಮ್ಮಯ್ಯ, ಕಾಲಿಂಗ್ ಬೆಲ್ ಆಯ್ತು, ಯಾರೋ ಬಂದ್ರು ನೋಡು” ಅಂದರು.

೩. ನನ್ನ ಬುದ್ಧಿವಂತಿಕೆ

ನೊಟೇಷನ್ ಜೊತೆಗೆ ದನಿಯನ್ನೂ ಹಿಡಿದಿಡೋಣ ಅಂತ ಮೈಕ್ ಕೊಟ್ಟೆ. ಅಜ್ಜಿ ಮೊದಲು ಮೈಕಿಗೆ ಕೈ ಮುಗಿದರು, ಆಮೇಲೆ ಹಾಡಿದರು. ಎಂಥ ಹಾಡು ಅದು! ಎರಡನೇ ನುಡಿಯ ನಡುವೆ ಮಾತ್ರ ಒಂದು ಕೆಮ್ಮು ಬಂತು. ಪಾಪ, ನೋಯುವ ಗಂಟಲು, ಇನ್ನೊಂದು ಸಲ ಹಾಡಿಸಲು ಮನಸ್ಸಾಗಲಿಲ್ಲ. ಸಂಜೆ ಸೌಂಡ್ ಸಾಫ್ಟ್‌ವೇರಿನಲ್ಲಿ ಕೆಮ್ಮನ್ನು ಕತ್ತರಿಸಿ, ಎರಡೂ ಕಡೆ ಬೆಸೆದೆ. ಬೆಸೆದ ಗೆರೆ ಕೂಡ ಕಾಣಲಿಲ್ಲ.

ಆಪರೇಷನ್ ಆಯಿತು. ಅಜ್ಜಿ ಉಳಿದರು, ದನಿ ಉಳಿಯಲಿಲ್ಲ. ಪಿಸುಮಾತಷ್ಟೇ. ಮಗಳು ನಾನು ಮಾಡಿಕೊಟ್ಟ ಸೀಡಿಯನ್ನು ಅತ್ತುಕೊಂಡೇ ಕೇಳಿ ಕಲಿತು, ಮೊಮ್ಮಗಳ ಮದುವೆಯಲ್ಲಿ ಆರತಿ ಎತ್ತುವಾಗ ಹಾಡಿದರು. ನಾನು ಉಬ್ಬಿಹೋಗಿದ್ದೆ. ಅಜ್ಜಿ ಕಣ್ಣೊರೆಸಿಕೊಂಡು ನನ್ನನ್ನು ಹತ್ತಿರ ಕರೆದರು.

“ಎಲ್ಲಾ ಸರಿ. ಎರಡನೇ ನುಡೀಲಿ ಕೆಮ್ಮು ಎಲ್ಲಿ?”

“ಅದು ನಿಮ್ಮ ಗಂಟಲಿನ ತೊಂದರೆ ಅಂತ ತೆಗೆದುಬಿಟ್ಟೆ ಅಜ್ಜಿ.”

“ನನ್ನ ಗಂಟಲಿಂದಲ್ಲ ಕಣಪ್ಪ ಅದು. ನಮ್ಮಮ್ಮ ಸೌದೆ ಒಲೆ ಊದುತ್ತಾ ಪಾಠ ಹೇಳ್ತಿದ್ಲು, ಅಲ್ಲಿಗೆ ಬಂದಾಗ ಕೆಮ್ಮಿದ್ಲು. ನಾನು ಹಾಗೇ ಕಲಿತೆ. ಕೆಮ್ಮು ಬಿಟ್ಟು ಹಾಡಿದ್ರೆ ತಾಳ ಎಲ್ಲಿ ಕೂರುತ್ತೆ?”

ಹೌದಲ್ಲ! ಮನೆಗೆ ಹೋಗಿ ತಾಳ ಹಾಕಿ ಎಣಿಸಿದರೆ ಸರಿಯಾಗಿ ಎರಡು ಅಕ್ಷರಕಾಲ ಕಮ್ಮಿ.

೪. ಸೀಮಂತ

ಮೂಲ ರೆಕಾರ್ಡಿಂಗ್ ನನ್ನ ಹತ್ತಿರ ಇತ್ತು, ಪುಣ್ಯ. ಕೆಮ್ಮನ್ನು ಅದರ ಜಾಗದಲ್ಲಿ ಕೂರಿಸಿದೆ. ನೊಟೇಷನ್‌ನಲ್ಲಿ ಕಷ್ಟವಾಯಿತು. ಪ್ರಪಂಚದ ಚಿಹ್ನೆಗಳೆಲ್ಲ ಇದ್ದ ಸಾಫ್ಟ್‌ವೇರಿನಲ್ಲಿ ಕೆಮ್ಮಿಗೊಂದು ಚಿಹ್ನೆ ಇರಲಿಲ್ಲ. ಕೊನೆಗೆ ಎರಡು ಅಕ್ಷರಕಾಲ ಖಾಲಿ ಬಿಟ್ಟು, ಕೆಳಗೆ ‘ಇಲ್ಲಿ ಕೆಮ್ಮುವುದು’ ಅಂತ ಬರೆದು, ಹಾಡಿನ ಸಾಲುಗಳನ್ನೂ ಸೇರಿಸಿ ಪ್ರಿಂಟ್ ತೆಗೆದು, ಅಜ್ಜಿಯ ಕಡೆಯ ಹೆಂಗಸರಿಗೆಲ್ಲ ಹಂಚಿದೆ.

ಮರುವರ್ಷ ಮೊಮ್ಮಗಳ ಸೀಮಂತ. ಬಸವನಗುಡಿಯ ಬೀಗರ ಮನೆ ನಡುಮನೆಯಲ್ಲಿ ಹೆಂಗಸರೆಲ್ಲ ಹಾಳೆ ಹಿಡಿದು ಒಟ್ಟಿಗೆ ಹಾಡಿದರು. ಅಜ್ಜಿ ಮೂಲೆಯ ಕುರ್ಚಿಯಲ್ಲಿ ಕೂತು ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ತುಟಿ ಅಲ್ಲಾಡುತ್ತಿತ್ತು, ದನಿ ಇಲ್ಲ. ನನಗೆ ನೋಡಲಾಗಲಿಲ್ಲ.

ಎರಡನೇ ನುಡಿ ಬಂತು. ರೇಷ್ಮೆ ಸೀರೆಯ ಅಷ್ಟೂ ಹೆಂಗಸರು ಹಾಳೆ ನೋಡಿಕೊಂಡು ಭಕ್ತಿಯಿಂದ ಕೆಮ್ಮಿದರು. ಬೀಗಿತ್ತಿ ಗಾಬರಿಯಾಗಿ ನೀರು ತರಲು ಓಡಿದರು.

ಆ ಅಷ್ಟೂ ಕೆಮ್ಮುಗಳ ನಡುವೆ, ಶ್ರುತಿಯಲ್ಲಿ, ತಾಳಕ್ಕೆ ಸರಿಯಾಗಿ, ಎಲ್ಲರಿಗಿಂತ ಗಟ್ಟಿಯಾಗಿ ಕೇಳಿಸಿದ್ದು ಮೂಲೆಯ ಕುರ್ಚಿಯಿಂದ.